ಹಾಲಿಲ್ಲದ ಟೀಗೆ ಖಲೀಲಣ್ಣ ಕಲಿತ ಮಾತು

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ನನ್ನದೊಂದು ಟೀ ಅಂಗಡಿ ಇದೆ. ಡ್ರೈವರ್ ಖಲೀಲುಲ್ಲಾ ಅಲ್ಲಿ ಕೂತು ಸ್ಪೇನಿನ ಬೀದಿಮಾತುಗಳನ್ನು ಒಪ್ಪಿಸುತ್ತಿದ್ದ ಕಾಲದಲ್ಲಿ ನನ್ನ ಬೆಂಚು ಖಾಲಿ ಇರುತ್ತಲೇ ಇರಲಿಲ್ಲ. ಅವನ ಬಗ್ಗೆ ಬರೆಯಲು ಕೂತರೆ ನನ್ನ ತಪ್ಪನ್ನೂ ಬರೆಯದೆ ವಿಧಿಯಿಲ್ಲ.

ಇಪ್ಪತ್ತು ವರ್ಷದ ಹಿಂದೆ ಮತ್ತೋಡಿನ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದರು. ನಮ್ಮ ಜನ ಅದಕ್ಕೆ ಫ್ಯಾನು ಎಂದೇ ಹೆಸರಿಟ್ಟುಬಿಟ್ಟಿದ್ದರು. ಆ ಕೆಲಸಕ್ಕೆ ಸ್ಪೇನಿನಿಂದ ಬಂದ ಎಂಜಿನಿಯರ್ ಫೆರ್ಮಿನ್‌ನನ್ನು ದುರ್ಗದಿಂದ ಗುಡ್ಡಕ್ಕೆ, ಗುಡ್ಡದಿಂದ ದುರ್ಗಕ್ಕೆ ಮೂರು ವರ್ಷ ಹೊತ್ತು ತಿರುಗಿದ್ದು ಖಲೀಲಣ್ಣನ ಜೀಪು. ಫೆರ್ಮಿನ್‌ಗೆ ನಮ್ಮ ಹಾಲಿನ ಟೀ ಸೇರುತ್ತಿರಲಿಲ್ಲ. ಅಂಗಡಿಗೆ ಬಂದವನೇ ‘ಸೋಲೋ’ ಎನ್ನುತ್ತಿದ್ದ. ಸೋಲೋ ಎಂದರೆ ಒಂಟಿ, ಬರೀ ಡಿಕಾಕ್ಷನ್, ಜೊತೆಗೆ ಹಾಲಿಲ್ಲ ಎಂದು ಖಲೀಲಣ್ಣ ನನಗೆ ಬಿಡಿಸಿ ಹೇಳಿದ. ಆಮೇಲೆ ಅವನೂ ಸೋಲೋ ಗಿರಾಕಿಯಾದ.

ಬರಬರುತ್ತ ಫೆರ್ಮಿನ್‌ನ ಪಾಠ ಜೋರಾಯಿತು. ಗೆಳೆಯನನ್ನು ‘ತೀಯೊ’ ಅನ್ನಬೇಕು; ಹಾಗೆಂದರೆ ಚಿಕ್ಕಪ್ಪ, ಮಾವ. ನಮ್ಮ ಹುಡುಗರು ಕಂಡವರಿಗೆಲ್ಲ ‘ಏನ್ ಮಾವ’ ಎನ್ನುವುದಿಲ್ಲವೇ, ಹಾಗೆ. ‘ಓಹಲಾ’ ಎಂದರೆ ಹಾಗೇ ಆಗಲಪ್ಪ ಎಂಬ ಆಸೆ. ಅರಬ್ಬರು ಆ ನಾಡನ್ನು ಆಳಿದಾಗ ಬಿಟ್ಟುಹೋದ ಮಾತು. ದೇವರು ಬಯಸಿದರೆ ಎಂಬುದು ಅದರ ಮೂಲ. ಇದನ್ನು ಕೇಳಿ ಖಲೀಲಣ್ಣ ಒಂದು ವಾರ ಬೀಗುತ್ತ ತಿರುಗಿದ. ‘ಮಂಗಾರ್’ ಎಂದರೆ ಕದಿಯುವುದು. ಅದು ಅಲ್ಲಿನ ಅಲೆಮಾರಿಗಳ ಭಾಷೆಯಿಂದ ಬಂದದ್ದು, ಅವರ ಹಿರಿಯರು ಯಾವುದೋ ಕಾಲದಲ್ಲಿ ನಮ್ಮ ದೇಶದಿಂದಲೇ ಹೊರಟವರು, ಬೇಡುವುದಕ್ಕೆ ಉರ್ದುವಿನಲ್ಲಿರುವ ‘ಮಾಂಗ್ನಾ’ದ ನೆಂಟ ಇದು ಎಂದು ಖಲೀಲಣ್ಣ ಮನೆಯಲ್ಲಿ ಹೇಳಿದಾಗ ಅವನ ತಾಯಿ ಅಕ್ತರ್ ಬೀ ಬಿಡಲಿಲ್ಲ. “ಇಲ್ಲಿಂದ ಹೋಗೋವಾಗ ಬೇಡೋದಾಗಿತ್ತು, ಅಲ್ಲಿ ಮುಟ್ಟೋವಷ್ಟ್ರಾಗೆ ಕದಿಯೋದಾತಾ? ದಾರ್‍ಯಾಗೆ ಯಾರಪ್ಪ ಕೆಡಿಸಿದ್ದು?” ಎಂದರು.

ಫೆರ್ಮಿನ್ ಒಂದು ತೆಳು ಪುಸ್ತಕವನ್ನೂ ತಂದುಕೊಟ್ಟಿದ್ದ. ನಮಸ್ಕಾರ, ಕ್ಷೇಮಸಮಾಚಾರ, ಹಿರಿಯರೊಡನೆ ಮಾತು, ದುಃಖದಲ್ಲಿರುವವರಿಗೆ ಸಮಾಧಾನ, ಎಲ್ಲ ಅದರಲ್ಲಿ ಕ್ರಮವಾಗಿತ್ತು. ಅದನ್ನು ತೆರೆಯಲು ಬಿಡದವನು ನಾನು. “ಅದೆಲ್ಲ ಇಸ್ಕೂಲ್ ಮಕ್ಕಳಿಗೆ ಬಿಡಣ್ಣ. ಇವತ್ತಿನ ಬೈಗುಳ ಯಾವ್ದು, ಅದು ಹೇಳು,” ಎನ್ನುತ್ತಿದ್ದೆ. ಅವನು ಹೇಳುತ್ತಿದ್ದ, ಬೆಂಚಿನ ತುಂಬ ನಗು. ಪುಸ್ತಕ ಜೀಪಿನ ಸೀಟಿನಡಿ ಸೇರಿತು. ಪೋಲಿ ಮಾತು ಬರೆದುಕೊಂಡ ಪುಟ್ಟ ನೋಟ್‌ಬುಕ್ ಮಾತ್ರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ಮೂರನೆಯ ವರ್ಷ, ಒಂದು ಮಧ್ಯಾಹ್ನ, ಗುಡ್ಡದ ಮೇಲೆ ಫೆರ್ಮಿನ್ ಎದೆ ಹಿಡಿದುಕೊಂಡು ಕುಸಿದ. ವಾಚ್‌ಮನ್ ಮಾರುತಿ ಜೀಪು ಓಡಿಸಿದ. ಖಲೀಲಣ್ಣ ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈ ಹಿಡಿದು ಕೂತಿದ್ದ. ಹೊಸದುರ್ಗದ ಆಸ್ಪತ್ರೆಗೆ ಇನ್ನೂ ಮೂರು ಮೈಲಿ ಇರುವಾಗ ಆ ಕೈ ಸಡಿಲವಾಯಿತು.

ಫೆರ್ಮಿನ್‌ನ ಫೋನನ್ನು ಕಚೇರಿಗೆ ಒಪ್ಪಿಸಲೆಂದು ಖಲೀಲಣ್ಣ ಜೇಬಿನಲ್ಲಿಟ್ಟುಕೊಂಡಿದ್ದ. ಮೂರನೆಯ ದಿನ ಅದು ನನ್ನ ಅಂಗಡಿಯಲ್ಲೇ ಹೊಡೆದುಕೊಂಡಿತು. ಫೆರ್ಮಿನ್‌ನ ತಾಯಿ. ಮಗನ ಬಾಯಲ್ಲಿ ಈ ಡ್ರೈವರನ ಹೆಸರು ಕೇಳಿದ್ದಳು. ಅಳುತ್ತ ಏನೇನೋ ಹೇಳಿದಳು, ಕೊನೆಗೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದಳು. ಖಲೀಲಣ್ಣನಿಗೆ ಬರುತ್ತಿದ್ದುದೆಲ್ಲ ನಗಿಸುವ ಮಾತು. ಅವುಗಳಲ್ಲಿ ಒಂದನ್ನೂ ಆ ತಾಯಿಯ ಕಿವಿಗೆ ಹಾಕುವಂತಿರಲಿಲ್ಲ. ಅಲ್ಲದೆ ನಮ್ಮ ಕಡೆ, ಖಲೀಲಣ್ಣನ ಮನೆಯಾಗಲಿ ನಮ್ಮ ಮನೆಯಾಗಲಿ, ಸಾವಾದಲ್ಲಿಗೆ ಹೋದವರು ಮಾತಾಡಲೇಬೇಕೆಂದಿಲ್ಲ. ಹೋಗುತ್ತೇವೆ, ಪಕ್ಕದಲ್ಲಿ ಸುಮ್ಮನೆ ಕೂರುತ್ತೇವೆ, ಎದ್ದು ಬರುತ್ತೇವೆ. ಅದೇ ಮರ್ಯಾದೆ. ಖಲೀಲಣ್ಣ ಟೋಪಿ ಸರಿಮಾಡಿಕೊಂಡ, ಫೋನು ಕಿವಿಗಿಟ್ಟುಕೊಂಡು ತಲೆ ತಗ್ಗಿಸಿ ಸುಮ್ಮನೆ ಕೂತ. ಆಮೇಲೆ ಲೈನು ಕಟ್ಟಾಯಿತು.

ವಾರ ಕಳೆದಿರಬೇಕು. ನಾನು ಗ್ಲಾಸು ಮುಂದಿಟ್ಟು, ಎಂದಿನ ಅಭ್ಯಾಸದಲ್ಲಿ, “ತಗಳಣ್ಣ, ಸೋಲೋ,” ಎಂದೆ. ಗ್ಲಾಸಿಗೆ ಚಾಚಿದ ಕೈಯನ್ನು ಅವನು ಹಿಂದಕ್ಕೆ ಎಳೆದುಕೊಂಡ.

“ಈಗ ಹೊಳೀತು, ಆಯಮ್ಮ ಕೇಳಿದ್ದು ಇದೇ ಮಾತು ಕಣೋ ಕಲ್ಲೇಶ. ಸೋಲೋ ಇದ್ನಾ ಅಂತ. ನನ್ ಮಗ ಒಂಟಿಯಾಗಿ ಹೋದ್ನಾ ಅಂತ. ನಾನು ಸುಮ್ನೆ ಕುಂತಿದ್ದೆ. ಹೌದು ಅಂತ ತಿಳ್ಕಂಡಿರ್ತಾಳೆ.”

‘ನೋ’ ಎಂಬ ಒಂದಕ್ಷರ ಸಾಕಿತ್ತು. ಅದು ಅವರ ಭಾಷೆಯಲ್ಲೂ ನೋ ಎಂದೇ ಇದೆಯಂತೆ. ನನ್ನ ಅಂಗಡಿಯ ಗೋಡೆಯ ಮೇಲೂ ಇದೆ, ನೋ ಸ್ಮೋಕಿಂಗ್ ಎಂದು.

ಆಕೆಯ ಮನೆಯ ನಂಬರು ಫೆರ್ಮಿನ್‌ನ ಕೈಬರಹದಲ್ಲೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿತ್ತು. ಆದರೂ ಖಲೀಲಣ್ಣ ಅವತ್ತೇ ಫೋನು ಮಾಡಲಿಲ್ಲ. ಈ ಸಲ ಮರ್ಯಾದೆಯಾಗಿ ಮಾತಾಡಬೇಕೆಂದು ಸೀಟಿನಡಿಯ ಪುಸ್ತಕ ತೆಗೆದು ಓದತೊಡಗಿದ. ಒಂದು ವಾಕ್ಯ ಬಾಯಿಗೆ ಬರುವಷ್ಟರಲ್ಲಿ ನಲವತ್ತು ದಿನ ಮುಗಿದಿತ್ತು. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಆದಮೇಲೆ ಸತ್ತವರ ಮಾತೆತ್ತಿ ಮನೆಯವರನ್ನು ಅಳಿಸಬಾರದು ಎಂದು ಅಕ್ತರ್ ಬೀ ಹೇಳಿಕೊಟ್ಟಿದ್ದರು. “ಆರಿದ್ ಗಾಯ ಯಾಕೆ ಕೆರೀತೀಯ, ಬಿಡಣ್ಣ,” ಎಂದು ನಾನೂ ದನಿಗೂಡಿಸಿದೆ. ಆವತ್ತು ನನ್ನ ನಾಲಿಗೆ ಬಿದ್ದುಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಾಗಿ ಹದಿನಾರು ವರ್ಷಕ್ಕೆ, ಹೋದ ವರ್ಷ, ಖಲೀಲಣ್ಣನ ಮಗ ಜಮೀರನ ಮಗಳು ಮಾಹೀರಾಳಿಗೆ ಆ ನೋಟ್‌ಬುಕ್ ಸಿಕ್ಕಿತು. ಕಾಲೇಜು ಹುಡುಗಿ. ಕಥೆಯೆಲ್ಲ ಕೇಳಿ ಅಜ್ಜನನ್ನು ನನ್ನ ಅಂಗಡಿಯಲ್ಲೇ ತರಾಟೆಗೆ ತೆಗೆದುಕೊಂಡಳು. “ದಾದಾ, ನಲವತ್ತು ದಿನ ಅನ್ನೋದು ನಮಗೆ. ಆ ಅಮ್ಮಂಗೆ ಯಾರು ಹೇಳಿದ್ರು?” ಅವಳೇ ನಂಬರು ಒತ್ತಿದಳು.

ಎತ್ತಿದ್ದು ಫೆರ್ಮಿನ್‌ನ ಅಕ್ಕನ ಮಗ. ಖಲೀಲಣ್ಣ ಇಷ್ಟು ವರ್ಷ ಬಾಯಲ್ಲಿ ಹೊರಳಿಸಿದ್ದ ವಾಕ್ಯವನ್ನು ತಡವರಿಸದೆ ಹೇಳಿದ: ನಿಮ್ಮವನು ಒಂಟಿಯಾಗಿರಲಿಲ್ಲ, ಅವನ ಕೈ ನನ್ನ ಕೈಯಲ್ಲಿತ್ತು. ಆಮೇಲೆ ಆ ಹುಡುಗ ನಿಧಾನವಾಗಿ ಏನೋ ಹೇಳಿದ. ಆ ಪುಸ್ತಕವನ್ನು ಆಮೇಲೂ ಬಿಡದೆ ಓದಿದ್ದ ಖಲೀಲಣ್ಣ, ಫೋನು ಇಟ್ಟಮೇಲೆ ಅದನ್ನು ನಮಗೆ ಕನ್ನಡದಲ್ಲಿ ಹೇಳಿದ.

“ಆಯಮ್ಮ ತೀರ್ಕಂಡು ಮೂರ್ ವರ್ಷ ಆತಂತೆ. ಮಗ ಪರದೇಶದಾಗೆ ಒಂಟಿಯಾಗಿ ಸತ್ತ ಅಂತ ಸಾಯೋ ತನಕ ಅಳ್ತಿದ್ಲಂತೆ.”

ಮಾಹೀರಾ ಅಜ್ಜನ ಕೈ ಹಿಡಿದುಕೊಂಡಳು. ನಾನು ಟೀ ತಂದಿಟ್ಟೆ, ಅದರ ಹೆಸರು ಹೇಳಲಿಲ್ಲ. ಅವನು ಗ್ಲಾಸು ಮುಟ್ಟಲಿಲ್ಲ.

“ಹದಿಮೂರ್ ವರ್ಷ ಇದ್ಲು ಕಣೋ ಕಲ್ಲೇಶ,” ಎಂದ. “ನಂಬರ್ ನನ್ ಜೇಬಲ್ಲೇ ಇತ್ತು.”