ಹಸು ಬರೆದ ವೃತ್ತ

ಗುತ್ತಲಿನ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಪ್ರತಿ ಪಾಠ ಮುಗಿಸಿ ಕೇಳುತ್ತಿದ್ದುದು ಒಂದೇ: “ಊರಲ್ಲಿ ಇದು ಎಲ್ಲದೆ, ತೋರ್ಸಿ.” ಆಮೇಲೆ ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸುತ್ತಾ ಕಾಯುತ್ತಿದ್ದರು. ಕೊನೆಯ ಬೆಂಚಿನ ನಾನು ತಲೆ ತಗ್ಗಿಸುತ್ತಿದ್ದೆ.

ವೃತ್ತದ ಪಾಠದ ದಿನ ಶಾಲೆಯ ಹಿಂದಿನ ಹುಲ್ಲಿನಲ್ಲಿ ತಾವೇ ಒಂದು ಹಸುವನ್ನು ಗೂಟಕ್ಕೆ ಕಟ್ಟಿದರು. ಹಗ್ಗ ಎಟುಕುವಷ್ಟು ದೂರ ಸುತ್ತಲೂ ಮೇಯ್ದು ಹಸುವೇ ವೃತ್ತ ಬರೆಯುತ್ತದೆ ಎಂದರು. ಮಧ್ಯಾಹ್ನ ನೋಡಿದರೆ ಹುಲ್ಲು ಅರ್ಧಂಬರ್ಧ ಉಳಿದಿತ್ತು. ಹಸು ಗೂಟಕ್ಕೆ ಮೂತಿ ತಾಗಿಸಿಕೊಂಡು ನಿಂತಿತ್ತು. ಎಲ್ಲರೂ ನಕ್ಕರು.

“ಯಾಕ್ರಪ್ಪಾ ಹಿಂಗಾಯ್ತು?” ಎಂದರು ಮೇಷ್ಟ್ರು.

ನನಗೆ ತಡೆಯಲಾಗಲಿಲ್ಲ. “ಗೂಟದ್ ಕುಣಿಕೆ ಸಡ್ಲ ಬುಡ್ಬೇಕಿತ್ತು ಸಾ. ಬಿಗಿದ್ ಕಟ್ಟುದ್ರೆ ಹಸ ತಿರುಗ್ದಂಗೆಲ್ಲ ಹಗ್ಗ ಗೂಟಕ್ಕೆ ಸುತ್ಕತದೆ, ತ್ರಿಜ್ಯ ಕಮ್ಮಿಯಾಯ್ತದೆ.”

ತ್ರಿಜ್ಯ ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಮೇಷ್ಟ್ರು ಜೇಬಿನ ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟರು.

“ನೀನೋಗಿ ಪಾಠ ಸುರು ಮಾಡ್ಲಾ. ನಾನು ಹಸ ಬಿಚ್ಚಿ ಬತ್ತೀನಿ.”