ಅಳಿಲು ಕಚ್ಚದ ಹುಣಸೆ

ಬಂಗಾರಪೇಟೆಯಲ್ಲಿ ನನ್ನದು ಹುಣಸೆ ವ್ಯಾಪಾರ. ಕಾಮಸಮುದ್ರದ ಮುನಿಯಮ್ಮಜ್ಜಿಯ ಮರವನ್ನು ಪ್ರತಿವರ್ಷ ಗುತ್ತಿಗೆ ಹಿಡಿಯುತ್ತೇನೆ. ಈ ಸಲ ಹೋದಾಗ, ಮರದಡಿ ಸತ್ತುಬಿದ್ದಿದ್ದ ಅಳಿಲೊಂದನ್ನು ಪಶುವೈದ್ಯೆಯೊಬ್ಬರು ಕೈಗವಸು ಹಾಕಿ ಎತ್ತಿಕೊಳ್ಳುತ್ತಿದ್ದರು. ಅದರ ಮೂತಿಯೆಲ್ಲ ಹುಣ್ಣು. ಪಕ್ಕದಲ್ಲೇ ಅಜ್ಜಿ ಅಳಿಲುಗಳಿಗೆಂದು ಇಟ್ಟ ನೀರಿನ ಬಟ್ಟಲು.

"ಯಾವುದೋ ವೈರಸ್ ಇರಬೇಕು, ಪರೀಕ್ಷೆಗೆ ಕಳಿಸ್ತೀವಿ. ಎಲ್ಲ ಅಳಿಲೂ ಒಂದೇ ಬಟ್ಟಲಿಗೆ ಬಾಯಿ ಹಾಕಿದ್ರೆ ಬೇಗ ಹರಡುತ್ತೆ. ಆ ನೀರು ತೆಗೆದುಬಿಡಿ ಅಜ್ಜಿ."

"ಬಿಸ್ಲಿಗೆ ದಾವ ಆಯ್ತದೆ ಅಂತ ದಿನಾ ಇಕ್ತಿದ್ದೆ ಕಣವ್ವ. ಕಾಯಿ ಬಲಿಯೋಕ್ ಮುಂಚಿಂದ ಒಂದೊಂದೇ ಸತ್ವು, ಇದೇ ಕೊನೇದು. ಅಂಗಾರೆ ಎಲ್ಲಾನೂ ನಾನೇ ಕೊಂದ್ನಾ?"

ಡಾಕ್ಟರು ಅಳಿಲನ್ನು ಚೀಲಕ್ಕೆ ಹಾಕಿ ಕಟ್ಟಿದರು. ಅಜ್ಜಿ ಬಟ್ಟಲು ಮಗುಚಿಟ್ಟು ನನ್ನತ್ತ ತಿರುಗಿದಳು. "ಏನ್ ಬೆಲೆ ಕಟ್ತೀಯ ಸಾವ್ಕಾರ?"

ಅಳಿಲು ಅರ್ಧ ತಿಂದಿದೆ ಎಂದು ಪ್ರತಿವರ್ಷ ಬೆಲೆ ಇಳಿಸುತ್ತಿದ್ದವನು ನಾನು. ಕತ್ತೆತ್ತಿ ನೋಡಿದರೆ ಕಚ್ಚಿದ ಕಾಯಿ ಒಂದೂ ಇಲ್ಲ. ಅವಳು ಕೇಳಿದ್ದಕ್ಕೇ ಒಪ್ಪಿಕೊಂಡೆ. ನನ್ನ ಕಡೆ ಸಾಕ್ಷಿ ಹೇಳುತ್ತಿದ್ದ ಅಳಿಲುಗಳೇ ಹೋದಮೇಲೆ ಚೌಕಾಸಿ ಎಲ್ಲಿಂದ ಬರಬೇಕು?