ಟಿವಿಗೆ ಬಾರದ ಆಯಿಯ ಮಾತು

ಪತ್ರಿಕೋದ್ಯಮ ವಿಭಾಗದ ಕಪಾಟು ಸ್ವಚ್ಛ ಮಾಡುವಾಗ ಹಳೆಯ ಲೋಗೊ ಕೈಗೆ ಸಿಕ್ಕಿತು. ಟಿವಿಯವರು ಮೈಕಿನ ಕೊರಳಿಗೆ ಸಿಕ್ಕಿಸುತ್ತಾರಲ್ಲ, ಆ ಡಬ್ಬಿ. ಇದು ಚಪ್ಪಲಿ ಪೆಟ್ಟಿಗೆಯ ರಟ್ಟಿನದು. ಅಭ್ಯಾಸಕ್ಕೆಂದು ನನ್ನ ಗೆಳತಿ ಮಾಡಿದ್ದು. ಮೂಗಿನ ಹತ್ತಿರ ಹಿಡಿದೆ. ಅಂಟಿನ ವಾಸನೆ ಇನ್ನೂ ಇತ್ತು...

ಪತ್ರಿಕೋದ್ಯಮ ಓದಲು ಧಾರವಾಡಕ್ಕೆ ಬಂದ ನಮಗೆಲ್ಲ ಆ್ಯಂಕರ್ ಆಗುವ ಹುಚ್ಚು. ಕನ್ನಡಿ ಮುಂದೆ ನಿಂತು ಹುಬ್ಬು ಹಾರಿಸುತ್ತ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆವು. ನವಲಗುಂದದ ಕಡೆಯ ಹಳ್ಳಿಯಿಂದ ಬಂದ ಆ ಗೆಳತಿಯೊಬ್ಬಳೇ ಬೇರೆ. "ನನಗ ಸ್ಟುಡಿಯೋ ಬ್ಯಾಡ ಬೇ. ನಮ್ಮೂರ ಕಡಿ ಸುದ್ದಿ ಮಾಡಾಕಿ ನಾ" ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಅವಳು ಬರೆದದ್ದನ್ನು ಓದಿದರೆ ಮಾತ್ರ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಇಂಟರ್ನ್‌ಶಿಪ್‌ಗೆ ಅವಳು ಹುಬ್ಬಳ್ಳಿಯ ಒಂದು ಚಾನಲ್ ಸೇರಿದಳು. ಮೊದಲ ಸುದ್ದಿ ತನ್ನ ಊರಿನದೇ. ಬೆಳಗಿನ ಬಸ್ಸು ನಿಂತುಹೋಗಿ ಹುಡುಗಿಯರು ಒಬ್ಬೊಬ್ಬರಾಗಿ ಕಾಲೇಜು ಬಿಡುತ್ತಿದ್ದರು. ಅವಳ ಓಣಿಯಲ್ಲಿ ಒಬ್ಬ ಮುದುಕಿ ಇದ್ದರು, ಎಲ್ಲರಿಗೂ ಆಯಿ. ಅವರ ಮೊಮ್ಮಗಳೂ ಮನೆಯಲ್ಲೇ ಕುಳಿತಿದ್ದಳು. ಆಯಿ ಟ್ರಂಕಿನಲ್ಲಿಟ್ಟ ಇಳಕಲ್ ಸೀರೆ ಉಟ್ಟು ಬಂದು ಮೈಕಿನ ಮುಂದೆ ಮಾತಾಡಿದರು. ನಾನೂ ಜೊತೆಗಿದ್ದೆ. "ನಾಳೆ ಸಂಜೀಕ ಟಿವ್ಯಾಗ ಬರ್ತೈತ್ರಿ" ಎಂದು ಗೆಳತಿ ಮಾತು ಕೊಟ್ಟಳು.

ಮರುದಿನ ಸಂಜೆ ಇಡೀ ಓಣಿ ಟಿವಿ ಮುಂದೆ ಕುಳಿತಿತ್ತಂತೆ. ಯಾರೋ ನಟಿಯ ಮದುವೆ ಬಂತು, ಯಾರದೋ ಮನೆಗೆ ಹೊಕ್ಕ ಹಾವು ಬಂತು. ಆಯಿ ಬರಲಿಲ್ಲ. "ಇದನ್ನ ಯಾರು ನೋಡ್ತಾರಮ್ಮ, ರೀಲ್ಸ್ ಮಾಡಿಕೊಂಡು ಬಾ" ಎಂದು ಚಾನಲ್ಲಿನಲ್ಲಿ ಸುದ್ದಿ ಆರಿಸುವ ಡೆಸ್ಕಿನವರು ಅಂದರಂತೆ. ಬೈಸಿಕೊಳ್ಳಲು ತಯಾರಾಗಿಯೇ ಅವಳು ಊರಿಗೆ ಹೋದಳು. ಆಯಿ ಬೈಯಲಿಲ್ಲ.

"ನಾ ಚೊಲೋ ಮಾತಾಡ್ಲಿಲ್ಲೇನವಾ? ಇನ್ನೊಮ್ಮಿ ಬಾ, ಈ ಸಲ ತಪ್ಪದಂಗ ಹೇಳ್ತೀನಿ" ಅಂದರಂತೆ.

ಅದನ್ನು ನನಗೆ ಹೇಳುವಾಗ ಗೆಳತಿ ಬಿಕ್ಕಿಬಿಕ್ಕಿ ಅತ್ತಳು. ಮತ್ತೆ ಯಾವ ಚಾನಲ್ಲಿನ ಮೆಟ್ಟಿಲನ್ನೂ ಹತ್ತಲಿಲ್ಲ. ಈಗ ಸೀರೆ ಅಂಗಡಿಯೊಂದಕ್ಕೆ ರೀಲ್ಸ್ ಮಾಡುತ್ತಾಳೆ. "ಅಗದಿ ಚೊಲೋ ನಡದೈತಿ" ಎಂದು ಫೋನಿನಲ್ಲಿ ನಗುತ್ತಾಳೆ. ಆಯಿ ತೀರಿಕೊಂಡರು. ಮೊಮ್ಮಗಳ ಕಾಲೇಜು ಅಲ್ಲಿಗೇ ನಿಂತಿತು... ಗೆಳತಿಯಂಥ ವರದಿಗಾರ್ತಿ ನಮ್ಮ ಕಡೆಗೆ ಇನ್ನೊಬ್ಬಳು ಸಿಗಲಿಲ್ಲ. ಈ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ನಾನು ಅದೇ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಲೋಗೊ ಹಿಡಿದು ನಿಂತಿದ್ದಾಗ ಅಣ್ಣಿಗೇರಿಯ ವಿದ್ಯಾರ್ಥಿನಿಯೊಬ್ಬಳು ಒಳಗೆ ಬಂದಳು.

"ಮೇಡಂ, ನಮ್ಮೂರ ಸುದ್ದಿ ಮಾಡ್ಕೋತ ಇದ್ರ ಕೆಲಸ ಸಿಗತೈತೇನ್ರಿ?"

ಕೈಯಲ್ಲಿದ್ದ ರಟ್ಟಿನ ಡಬ್ಬಿಯ ಧೂಳು ಒರೆಸಿದೆ. ಅವಳಾಗಲೇ ಲೋಗೊ ಕಡೆಗೆ ಕೈ ಚಾಚಿದ್ದಳು.